ನಲವತ್ತು ಪರ್ಸೆಂಟ್ ಚಿಕೋರಿ

ಗೊತ್ತಿಲ್ಲದ ಭಾಷೆಯಲ್ಲಿ ಒಂದೇ ಒಂದು ವಾಕ್ಯ ಕಲಿತ ಮನುಷ್ಯ ಅದನ್ನು ಯಾರ ಮುಂದಾದರೂ ಹೇಳದೆ ಕಣ್ಣು ಮುಚ್ಚುವುದಿಲ್ಲ. ನೈರೋಬಿಯ ಪಾರ್ಕ್‌ಲ್ಯಾಂಡ್ಸ್‌ನಲ್ಲಿ ಮೂರನೇ ಮಹಡಿಯ ಫ್ಲ್ಯಾಟಿನಲ್ಲಿರುವ ನಮ್ಮ ಸೀನುವಿಗೆ ಇಟಾಲಿಯನ್ನಿನಲ್ಲಿ ಗೊತ್ತಿದ್ದದ್ದು ಒಂದೇ ವಾಕ್ಯ: "ಉನ್ ಕಫೆ ಕೊರ್ರೆತ್ತೊ, ಪೆರ್ ಫವೋರೆ." ಅವನು ಕೆಲಸ ಮಾಡುವ ಅಂತರರಾಷ್ಟ್ರೀಯ ಸಂಸ್ಥೆಯ ಮುಖ್ಯಸ್ಥೆ ಇಟಲಿಯ ಹೆಂಗಸು. ಮೀಟಿಂಗ್ ಮುಗಿಸಿ ಎಲ್ಲರೂ ಊಟಕ್ಕೆ ಹೋದಾಗಲೆಲ್ಲ ಕೊನೆಗೆ ಆಕೆ ವೇಟರನ್ನು ಕರೆದು ಹೀಗೆನ್ನುತ್ತಿದ್ದಳು. ಮಕ್ಕಳಾಟದ ಕಪ್ಪಿನಷ್ಟು ಸಣ್ಣದೊಂದು ಕಪ್ಪು ಬರುತ್ತಿತ್ತು. ಎರಡು ಗುಟುಕಿಗೆ ಆಕೆಯ ಮುಖ ಅರಳುತ್ತಿತ್ತು. ಪಕ್ಕದಲ್ಲಿ ಬಿಸಿನೀರು ಕುಡಿಯುತ್ತ ಕೂತಿರುತ್ತಿದ್ದ ಸೀನು, ಮೇಡಂ ಕುಡಿಯುವುದೆಂದರೆ ಕಾಫಿಗಳಲ್ಲೇ ಮೇಲಾದ ಕಾಫಿ ಎಂದು ತೀರ್ಮಾನಿಸಿದ್ದ. ಅದರಲ್ಲಿ ಏನೇನಿರುತ್ತದೆ ಎಂದು ಒಂದು ದಿನವೂ ಕೇಳಿರಲಿಲ್ಲ. ಮೈಸೂರಿನವನು ಕಾಫಿಯ ವಿಷಯದಲ್ಲಿ ಇನ್ನೊಬ್ಬರನ್ನು ಕೇಳುವುದುಂಟೇ?

ಆ ವಾಕ್ಯವನ್ನು ಅವನು ಮೊದಲ ಸಲ ಬಾಯಿಬಿಟ್ಟು ಹೇಳಿದ್ದು ತನ್ನ ಮಾವ ಶ್ರೀನಿವಾಸಮೂರ್ತಿಗಳ ಮುಂದೆ. ವಿಧಿ ಎನ್ನುವುದು ಇದಕ್ಕೇ.

ಶ್ರೀನಿವಾಸಮೂರ್ತಿಗಳು ಅಬಕಾರಿ ಇಲಾಖೆಯಲ್ಲಿ ಮೂವತ್ತೆರಡು ವರ್ಷ ಇನ್ಸ್‌ಪೆಕ್ಟರಾಗಿದ್ದವರು. ಹೆಂಡ ಮುಟ್ಟಿದವರಲ್ಲ, ಮುಟ್ಟಿದವರ ಮನೆಯಲ್ಲಿ ನೀರು ಕುಡಿದವರಲ್ಲ. ಅವರ ಮೂಗು ಇಲಾಖೆಯಲ್ಲೇ ಹೆಸರುವಾಸಿ. ಹೆದ್ದಾರಿಯಲ್ಲಿ ಲಾರಿ ದಾಟಿಹೋದರೆ ಸಾಕು, "ತೌಡಿನ ಮೂಟೆ ಕೆಳಗೆ ಏಳು ಕ್ಯಾನ್ ಇದೆ, ಹಿಡೀರಿ" ಎನ್ನುತ್ತಿದ್ದರಂತೆ. ಏಳೇ ಇರುತ್ತಿತ್ತಂತೆ. ಹನ್ನೊಂದು ವರ್ಷದ ಹಿಂದೆ ಮಗಳು ಕುಮುದಾ ತಾನೇ ಆರಿಸಿಕೊಂಡ ಹುಡುಗನನ್ನು ಮನೆಗೆ ಕರೆತಂದಾಗ ಆ ಮೂಗು ಒಂದೇ ಉಸಿರಿನಲ್ಲಿ ತೀರ್ಪು ಕೊಟ್ಟಿತು: "ಹುಡುಗ ಕುಡೀತಾನೆ." ಸೀನು ಅಂದು ನೆಗಡಿಗೆಂದು ಹೋಮಿಯೋಪತಿ ಹನಿ ಹಾಕಿಕೊಂಡು ಬಂದಿದ್ದ. ಸೀಸೆ ತೋರಿಸಿದ, ಡಾಕ್ಟರ ಚೀಟಿ ತೋರಿಸಿದ, ಅತ್ತೆಯವರೂ ಸಾಕ್ಷಿ ಹೇಳಿದರು. ಮೂಗಿನ ತೀರ್ಪಿಗೆ ಅಪೀಲಿರಲಿಲ್ಲ. ಮೂರ್ತಿಗಳು ಮದುವೆಗೆ ಬಂದರು, ಅಕ್ಷತೆ ಹಾಕಿದರು, ಊಟ ಮಾಡದೆ ಹೊರಟುಹೋದರು. ಆಮೇಲೆ ಅತ್ತೆ ಎರಡು ಸಲ ನೈರೋಬಿಗೆ ಬಂದುಹೋದರೂ ಮಾವ ಬರಲಿಲ್ಲ.

ಈ ಸಲ ಬಂದಿದ್ದರು. ಅತ್ತೆಯವರೇ ಹಟ ಹಿಡಿದು ಹದಿನೈದು ದಿನಕ್ಕೆ ಕಳಿಸಿದ್ದರು. ಕುಮುದಾಗೆ ನೆಲವೇ ಕಾಲಿಗೆ ಸಿಗುತ್ತಿರಲಿಲ್ಲ. ಶಾಲೆಯಲ್ಲಿ ಗಣಿತ ಕಲಿಸಿ ಬಂದು, ಸೊಂಟಕ್ಕೆ ಸೆರಗು ಸಿಕ್ಕಿಸಿ, ದಿನಕ್ಕೊಂದು ಬಗೆ ಮಾಡಿದಳು. ಹುಳಿ, ಗೊಜ್ಜು, ಬಿಸಿಬೇಳೆ ಬಾತು, ಮೈಸೂರಿನಿಂದಲೇ ತರಿಸಿದ ಪುಡಿಯ ಕಾಫಿ. ಮೂರ್ತಿಗಳು ಎಲ್ಲವನ್ನೂ ತಿಂದರು, ಕುಡಿದರು. "ಹೇಗಿದೆ ಅಪ್ಪ?" ಎಂದರೆ "ಆಯ್ತು" ಎಂದರು. ಅಷ್ಟೇ. ಐದನೇ ದಿನ ಒಲೆಯ ಮೇಲೆ ಹಾಲು ಸೀದು ಮನೆಯೆಲ್ಲ ವಾಸನೆ ತುಂಬಿತು. ಅಡುಗೆಮನೆಯ ಬಾಗಿಲಲ್ಲೇ ಪೇಪರ್ ಓದುತ್ತ ಕೂತಿದ್ದವರು ಒಂದು ಮಾತು ಕೂಗಿ ಹೇಳಲಿಲ್ಲ.

"ಅವ್ರಿಗೆ ಇನ್ನೂ ಸಿಟ್ಟಿದೆ ಕಣ್ರೀ" ಎಂದು ಕುಮುದಾ ಕಣ್ಣೊರೆಸಿಕೊಂಡಳು. "ಹಾಲು ಸೀದ್ರೂ ಮಾತಾಡಲ್ಲ ಅಂದ್ರೆ ನೋಡಿ. ಹೀಗೇ ಹೊರಟುಹೋದ್ರೆ ಇನ್ನು ಬರಲ್ಲ ಅವ್ರು."

ಹೆಂಡತಿಯ ಆ ಕಣ್ಣೀರು ನೋಡಿ ಸೀನುವಿಗೆ ಸಂಕಟವಾಯಿತು. ಮಾವನಿಂದ ಒಂದೇ ಒಂದು ಒಳ್ಳೆಯ ಮಾತು ಹೊರಡಿಸಬೇಕು ಎಂದು ಪಣ ತೊಟ್ಟ. ಹತ್ತನೇ ದಿನ ಬೆಳಿಗ್ಗೆ ರಜ ಹಾಕಿ, ಮಾವನನ್ನು ಕಾರಿನಲ್ಲಿ ಕೂರಿಸಿಕೊಂಡು, ಮೇಡಂ ಹೋಗುವ ಇಟಾಲಿಯನ್ ಕೆಫೆಗೇ ಹೋದ.

ವೇಟರ್ ಕಿಪ್ರೋನೊ ಹಿರಿಯರನ್ನು ಕಂಡು "ಕರಿಬು, ಮ್ಜೀ" ಎಂದು ಸ್ವಾಗತಿಸಿ ಕುರ್ಚಿ ಎಳೆದುಕೊಟ್ಟ. ಸೀನು ಗಂಟಲು ಸರಿಮಾಡಿಕೊಂಡು, ಕತ್ತು ಎತ್ತಿ, ಅಕ್ಕಪಕ್ಕದ ಮೇಜಿಗೂ ಕೇಳುವಂತೆ ತನ್ನ ವಾಕ್ಯವನ್ನು ಹೇಳಿದ. ಮಾವನ ಹುಬ್ಬು ಅರ್ಧ ಅಂಗುಲ ಮೇಲೆ ಹೋಯಿತು. ಸೀನುವಿನ ಎದೆ ಉಬ್ಬಿತು.

"ಗ್ರಾಪ್ಪ ಆರ್ ಸಾಂಬೂಕ, ಸರ್?" ಎಂದು ಕಿಪ್ರೋನೊ ಕೇಳಿದ.

ಪರೀಕ್ಷೆಯಲ್ಲಿ ಓದದ ಪಾಠದಿಂದ ಪ್ರಶ್ನೆ ಬಂದಂತಾಯಿತು. ಆದರೆ ಸೀನು ತಬ್ಬಿಬ್ಬಾಗಲಿಲ್ಲ. ಪೀಬೆರಿ, ಪ್ಲಾಂಟೇಶನ್ ಎ ಇದ್ದ ಹಾಗೆ ಇವೆರಡೂ ಬೀಜದ ತಳಿಗಳಿರಬೇಕು ಎಂದು ಲೆಕ್ಕ ಹಾಕಿ, "ಗ್ರಾಪ್ಪ, ಆಫ್ ಕೋರ್ಸ್" ಎಂದು ಎರಡು ಬೆರಳು ತೋರಿಸಿದ. ಮಾವನ ಕಡೆ ತಿರುಗಿ, "ಬೆಟ್ಟದ ಬೀಜ ಮಾವ, ಅಲ್ಲಿ ಇದಕ್ಕೇ ಬೆಲೆ ಜಾಸ್ತಿ" ಎಂದು ವಿವರಣೆಯನ್ನೂ ಕೊಟ್ಟ.

"ಎರಡ್ಯಾಕೆ? ಬೈ ಟು ಹೇಳಿ ಇವ್ರೇ" ಎಂದರು ಮೂರ್ತಿಗಳು. ಹನ್ನೊಂದು ವರ್ಷದಲ್ಲಿ ಅವರು ಅಳಿಯನ ಹೆಸರು ಹಿಡಿದು ಕರೆದದ್ದಿಲ್ಲ.

ಬೆಂಗಳೂರು ಮೈಸೂರಿನಲ್ಲಿ ಹುಟ್ಟಿದ ಮಗುವಿಗೂ ಗೊತ್ತಿರುವ ಈ ಹೋಟೆಲ್ ಪದ್ಧತಿಯನ್ನು ಕಿಪ್ರೋನೊಗೆ ತಿಳಿಸಲು ಐದು ನಿಮಿಷ ಹಿಡಿಯಿತು. ಅಷ್ಟು ಸಣ್ಣ ಕಪ್ಪನ್ನು ಇಬ್ಬರು ಹಂಚಿಕೊಳ್ಳುತ್ತಾರೆಂದು ಅವನು ನಂಬಲೇ ಇಲ್ಲ. ಕೊನೆಗೆ ಒಪ್ಪಿಕೊಂಡು "ಸವಾ, ಸವಾ" ಎನ್ನುತ್ತ, ಎರಡು ಕಪ್ಪುಗಳ ತಳದಲ್ಲಿ ತೀರ್ಥದಷ್ಟು ತಂದಿಟ್ಟ.

ಮೂರ್ತಿಗಳು ಕುಡಿದರು. ಕಣ್ಣು ದೊಡ್ಡದಾಯಿತು. ಎದೆಯ ಮೇಲೆ ಕೈ ಇಟ್ಟುಕೊಂಡರು. ಸೀನು ನೀರಿನ ಲೋಟಕ್ಕೆ ಕೈ ಚಾಚಿದ.

"ಭೇಷ್!" ಎಂದರು ಮೂರ್ತಿಗಳು.

ಸೀನು ತನ್ನ ಕಿವಿಯನ್ನು ನಂಬಲಿಲ್ಲ. ಅವನ ಕಿವಿಯೂ ಆಗ ಬಿಸಿಯಾಗಿತ್ತು. ಗಂಟಲು ಉರಿಯುತ್ತಿತ್ತು. ಇಟಲಿಯವರು ಬೀಜವನ್ನು ಕಪ್ಪಗೆ ಹುರಿಯುತ್ತಾರೆ, ಅದರ ಗುಣ ಎಂದುಕೊಂಡ.

"ಚಿಕೋರಿ ಎಷ್ಟು ಹಾಕ್ತಾರಂತೆ? ಕೇಳಿ" ಎಂದರು ಮೂರ್ತಿಗಳು. ಅವರ ಮನೆಯಲ್ಲಿ ಎಂಬತ್ತಕ್ಕೆ ಇಪ್ಪತ್ತು ಎನ್ನುವುದು ಶಾಸನ.

ಸೀನು ಕಪ್ಪಿನತ್ತ ಬೆರಳು ತೋರಿಸಿ, ಇದು ಎಷ್ಟು ಪರ್ಸೆಂಟ್ ಎಂದು ಇಂಗ್ಲಿಷಿನಲ್ಲಿ ಕೇಳಿದ.

"ಫಾರ್ಟಿ ಪರ್ಸೆಂಟ್, ಸರ್" ಎಂದ ಕಿಪ್ರೋನೊ, ಸ್ವಲ್ಪವೂ ಅನುಮಾನವಿಲ್ಲದೆ.

"ನಲವತ್ತಾ!" ಮೂರ್ತಿಗಳು ದಂಗಾದರು. "ಜಾಸ್ತಿ ಆಯ್ತು. ಆದ್ರೂ ಹಿಡಿಯತ್ತೆ ನೋಡಿ, ಗಂಟಲಿಗೆ! ಇನ್ನೊಂದು ಹೇಳಿ. ಬೈ ಟು ಬೇಡ. ನನಗೊಬ್ಬನಿಗೇ."

ಮಾವ ಎರಡನೆಯದನ್ನು ಕಣ್ಣು ಮುಚ್ಚಿ ಕುಡಿಯುತ್ತಿದ್ದಾಗ ಬಿಲ್ಲು ಬಂತು. ಮೇಲಿನ ಸಾಲಿನಲ್ಲಿ ಎಸ್ಪ್ರೆಸೊ ಎರಡು ಎಂದಿತ್ತು. ಅದರ ಕೆಳಗೆ ದಪ್ಪ ಅಕ್ಷರದಲ್ಲಿ 'ಸ್ಪಿರಿಟ್ಸ್' ಎಂಬ ತಲೆಬರಹ. ಅದರ ಕೆಳಗೆ: ಗ್ರಾಪ್ಪ, ಮೂವತ್ತು ಎಂಎಲ್, ಎರಡು.

ಕಾಫಿ ಬೀಜವನ್ನು ಎಂಎಲ್‌ನಲ್ಲಿ ಅಳೆಯುವುದಿಲ್ಲ ಎನ್ನುವಷ್ಟು ಜ್ಞಾನ ಸೀನುವಿಗಿತ್ತು. ಬಿಲ್ಲನ್ನು ಮಡಚಿ, ಮತ್ತೆ ಮಡಚಿ, ಬಟಾಣಿಯಷ್ಟು ಮಾಡಿ ಕಾಲುಚೀಲದೊಳಗೆ ಸೇರಿಸಿದ. ಮೂವತ್ತೆರಡು ವರ್ಷ ನಾಡಿನ ಕಳ್ಳಭಟ್ಟಿಯನ್ನು ಮೂಗಿನಿಂದಲೇ ಹಿಡಿದ ಮಹಾನುಭಾವರಿಗೆ ಅಳಿಯನೇ ಕೂರಿಸಿ ಮದ್ಯ ಕುಡಿಸಿದ್ದ. ಅವರು ಅದನ್ನು ಭೇಷ್ ಎಂದಿದ್ದರು. ಹೇಳಿಬಿಡೋಣವೆಂದು ಬಾಯಿ ತೆರೆದ. ಅಷ್ಟರಲ್ಲಿ ಮಾವ ಅವನನ್ನು ನೋಡಿ ನಕ್ಕರು. ಮಾವನಿಗೆ ಹಲ್ಲುಗಳಿವೆ ಎನ್ನುವುದೇ ಸೀನುವಿಗೆ ಅಂದಿನವರೆಗೆ ಗೊತ್ತಿರಲಿಲ್ಲ. ತೆರೆದ ಬಾಯಿ ತಾನಾಗಿ ಮುಚ್ಚಿಕೊಂಡಿತು.

ಮನೆಯ ಲಿಫ್ಟಿನಲ್ಲಿ ಕೆಳಗಿನ ಮಹಡಿಯ ಫ್ರೆಡ್ರಿಕ್ ಸಿಕ್ಕರು. ಮಂಗಳೂರಿನವರು, ಬ್ಯಾಂಕಿನಲ್ಲಿ ಕೆಲಸ, ಲೋಕದ ಎಲ್ಲ ಪಾನೀಯಗಳ ಪರಿಚಯವಿದ್ದವರು. ಹತ್ತು ದಿನದಿಂದ ಅವರಿಗೆ ಬರೀ ತಲೆಯಾಡಿಸುತ್ತಿದ್ದ ಮೂರ್ತಿಗಳು ಇಂದು ತಾವೇ ಮಾತಿಗೆ ಶುರು ಮಾಡಿದರು.

"ನಮ್ಮ ಇವರು ಇವತ್ತು ಎಂಥಾ ಕಾಫಿ ಕುಡಿಸಿದ್ರು ಅಂತೀರಿ! ಗ್ರಾಪ್ಪ ಅಂತ. ಕೇಳಿದೀರಾ?"

ಫ್ರೆಡ್ರಿಕ್ ಕಣ್ಣರಳಿಸಿ ಸೀನುವನ್ನು ನೋಡಿದರು. ಸೀನು ಮಾವನ ಬೆನ್ನ ಹಿಂದೆ ಎರಡೂ ಕೈ ಜೋಡಿಸಿದ.

"ಕೇಳದೆ ಎಂಥ ಮಾರಾಯ್ರೆ" ಎಂದರು ಫ್ರೆಡ್ರಿಕ್, ನಗು ನುಂಗಿಕೊಂಡು. "ಭಾರಿ ಒಳ್ಳೇದು ಅದು. ನಮ್ಮ ಡ್ಯಾಡಿ ಸಹ ಅಂಥದ್ದೇ ಎಂತಾದ್ರೂ ದಿನಾ ತಗೊಳ್ತಿದ್ರು. ಕಾಫಿ ಮಾತ್ರ ಹಾಕ್ತಿರ್ಲಿಲ್ಲ."

ಸಂಜೆ ಕುಮುದಾ ಶಾಲೆಯಿಂದ ಬಂದ ಕೂಡಲೇ ಮೂರ್ತಿಗಳು, "ನಿನ್ನ ಗಂಡ ಇವತ್ತು ನನಗೆ ಕಾಫಿ ಕುಡಿಸಿದ್ರಮ್ಮ. ಕಾಫಿ ಅಂದ್ರೆ ಅದು!" ಎಂದರು. ಕುಮುದಾ ನಿಂತಲ್ಲೇ ಅತ್ತಳು. ಗಂಡನನ್ನು ಅಡುಗೆಮನೆಗೆ ಎಳೆದೊಯ್ದು, "ನಿಮ್ಮನ್ನ 'ನಿನ್ನ ಗಂಡ' ಅಂದ್ರು ರೀ! ಇದುವರೆಗೆ 'ಅವನು' ಅಂತಿದ್ರು" ಎಂದು ಮತ್ತೆ ಅತ್ತಳು. "ನನ್ನ ಕಾಫಿಗೆ ಆಯ್ತು ಅಂದವ್ರು. ಹೋಗ್ಲಿ, ಅದೇನು ಪುಡಿನೋ ಮನೆಗೇ ತನ್ನಿ. ಅವ್ರಿರೋ ತನಕ ಅದನ್ನೇ ಮಾಡ್ತೀನಿ."

ಈಗ ಹೇಳುವುದು ಹೇಗೆ? ಸೀನುವಿನ ಗಂಟಲಲ್ಲಿ ನಿಜ ಎನ್ನುವುದು ಬಿಸಿ ತುಪ್ಪವಾಗಿ ಕೂತಿತು. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಅತ್ತ ಹಜಾರದಲ್ಲಿ ಒಂಬತ್ತು ವರ್ಷದ ಮಗಳು ಜಾಹ್ನವಿ, "ತಾತಾ, ಶಲ್ ಐ ಗೂಗಲ್ ಗ್ರಾಪ್ಪ ಫಾರ್ ಯು?" ಎನ್ನುವುದು ಕೇಳಿಸಿತು. ಸೀನು ಹಾರಿಬಂದು ಫೋನು ಕಿತ್ತುಕೊಂಡ. "ಹೋಮ್‌ವರ್ಕ್!" ಎಂದು ಗುಡುಗಿದ. ಮಗು ಹೋಮ್‌ವರ್ಕನ್ನೇ ಮಾಡುತ್ತಿತ್ತು.

ಮಾರನೆಯ ದಿನವೇ ಮಾವ ಚಪ್ಪಲಿ ಮೆಟ್ಟಿಕೊಂಡು ಸಿದ್ಧರಾದರು. ಇವತ್ತು ಕೆಫೆಗೆ ರಜೆಯಿರಬಹುದು ಎಂದ ಸೀನು. ಹೋಗಿ ನೋಡೋಣ ಎಂದರು. ಗ್ರಾಪ್ಪ ತುಂಬಿದ ಹಡಗು ಮೊಂಬಾಸಾದಲ್ಲಿ ನಿಂತಿದೆಯಂತೆ ಎಂದ. ವಿಚಾರಿಸೋಣ ಎಂದರು. ಕೆಫೆಯಲ್ಲಿ ಸೀನು ಕೈತೊಳೆಯುವ ನೆಪದಲ್ಲಿ ಓಡಿಹೋಗಿ, ಬರೀ ಕಾಫಿ ತಾ ಎಂದು ಕಿಪ್ರೋನೊನ ಕೈ ಹಿಡಿದು ಬೇಡಿಕೊಂಡ. ಬರೀ ಕಾಫಿ ಬಂತು. ಮೂರ್ತಿಗಳು ಒಂದು ಗುಟುಕು ಕುಡಿದು ಕಪ್ಪನ್ನು ದೂರ ತಳ್ಳಿದರು.

"ಇದು ಅದಲ್ಲ. ಅಳಿಯಂದಿರು ಬಿಡಿ, ನಾನೇ ಹೇಳ್ತೀನಿ." ಎದ್ದು ನಿಂತು, ಮಂತ್ರಪುಷ್ಪ ಹೇಳುವ ಸ್ವರದಲ್ಲಿ, ಒಂದೊಂದು ಅಕ್ಷರಕ್ಕೂ ತಕ್ಕ ಒತ್ತು ಕೊಟ್ಟು ಸಾರಿದರು: "ಉನ್ ಕಫೆ ಕೊರ್ರೆತ್ತೊ, ಪೆರ್ ಫವೋರೆ! ಗ್ರಾಪ್ಪ!"

ಮೂಲೆಯ ಮೇಜಿನಲ್ಲಿದ್ದ ಇಬ್ಬರು ಬಿಳಿಯ ಮುದುಕರು ಚಪ್ಪಾಳೆ ತಟ್ಟಿದರು. ಕಿಪ್ರೋನೊ ಸೀನುವಿನ ಮುಖ ನೋಡಿದ. ಸೀನು ಚಾವಣಿ ನೋಡಿದ. ಮೂವತ್ತು ಎಂಎಲ್ ಬಂತು. ನಿನ್ನೆ ಆದದ್ದು ಅರಿಯದೆ ಆದ ತಪ್ಪು, ಇಂದಿನದು ಅರಿತು ಮಾಡಿದ ಪಾಪ ಎಂದು ಯಾರೂ ಅವನಿಗೆ ಹೇಳಬೇಕಾಗಿರಲಿಲ್ಲ.

ಕೆಡುವ ಕಾಲಕ್ಕೆ ಮಾವನಿಗೆ ಉದಾರ ಬುದ್ಧಿಯೂ ಹುಟ್ಟಿತು. ಹೊರಡುವ ಮೊದಲು ಶನಿವಾರ ಮನೆಯಲ್ಲಿ ಸತ್ಯನಾರಾಯಣ ಪೂಜೆ ಮಾಡಿಸಬೇಕು, ಇಲ್ಲಿನ ಕನ್ನಡದವರನ್ನೆಲ್ಲ ಕರೆಯಬೇಕು, ಪ್ರಸಾದದ ನಂತರ ಎಲ್ಲರಿಗೂ ಗ್ರಾಪ್ಪ ಕಾಫಿ ಕೊಡಬೇಕು ಎಂದು ಸಾರಿದರು. ಕನ್ನಡ ಸಂಘದ ಅಧ್ಯಕ್ಷೆ ಕಾತ್ಯಾಯಿನಿಯವರಿಗೆ ತಾವೇ ಫೋನು ಮಾಡಿದರು. ಆಕೆ ಸಂಘದ ವಾಟ್ಸಾಪ್ ಗುಂಪಿನಲ್ಲಿ ಹಾಕಿದರು: "ಶನಿವಾರ ಸೀನು ಅವರ ಮನೆಯಲ್ಲಿ ಪೂಜೆ. ಇಟಲಿಯ ವಿಶೇಷ ಕಾಫಿ. ಎದೆಯುರಿ, ವಾಯು, ಮಂಡಿನೋವಿಗೆ ಉತ್ತಮ." ಕೊನೆಯ ಸಾಲು ಅವರದೇ ಸಂಶೋಧನೆ. ಹತ್ತು ನಿಮಿಷದಲ್ಲಿ ನಲವತ್ತೊಂದು ಹೆಬ್ಬೆರಳು ಮೇಲೆದ್ದವು. ದೇವಸ್ಥಾನದ ಅರ್ಚಕರು, "ನನಗೂ ಮಂಡಿಯಿದೆ, ಒಂದು ಲೋಟ ಇಟ್ಟಿರಿ" ಎಂದು ಬರೆದರು.

ಆ ಸಾಲು ಓದಿ ಸೀನು ಸೋಫಾದ ಮೇಲೆ ಕುಸಿದ. ಮಾವನ ವ್ರತಭಂಗದ ಜೊತೆಗೆ ಇನ್ನು ಅರ್ಚಕರ ವ್ರತಭಂಗವೂ ಅವನ ತಲೆಗೆ. ಶುಕ್ರವಾರ ಫ್ರೆಡ್ರಿಕ್ ಹೇಳಿಕೊಟ್ಟಂತೆ ಡಿಕಾಕ್ಷನ್ನಿಗೆ ಒಣಶುಂಠಿ, ಕಾಳುಮೆಣಸು ಹಾಕಿ ಕುದಿಸಿ ಮಾವನ ಮುಂದೆ ಇಟ್ಟ.

"ಹ್ಞಾ, ಖಾರ ಗೊತ್ತಾಗತ್ತೆ" ಎಂದರು ಅವರು, ಬಹಳ ಯೋಚಿಸಿ. "ಆದ್ರೆ ಇದು ನಾಲಿಗೇಲೇ ನಿಂತುಬಿಡತ್ತೆ. ಅದು ಎದೆವರೆಗೂ ಹೋಗಿ ದೀಪ ಹಚ್ಚತ್ತೆ."

ಶನಿವಾರ ಬೆಳಿಗ್ಗೆ ಒಂಬತ್ತು ಗಂಟೆ. ಹನ್ನೊಂದಕ್ಕೆ ಜನ ಬರುವವರು. ಸೀನು ಮಂಟಪಕ್ಕೆ ಬಾಳೆಕಂಬ ಕಟ್ಟುತ್ತ, ಕಟ್ಟಿದ್ದನ್ನೇ ಬಿಚ್ಚುತ್ತ ನಿಂತಿದ್ದ. ಆಗ ಮಾವ ಕೋಣೆಯಿಂದ ಹೊರಬಂದರು. ಉಟ್ಟದ್ದು ಜರಿಪಂಚೆ, ಕಾಲಿಗೆ ಬೂಟು, ಕೈಯಲ್ಲಿ ಸ್ಟೀಲಿನ ಡಬ್ಬಿ.

"ಎಲ್ಲಿಗೆ ಮಾವ?"

"ಕೆಫೆಗೆ. ನೀವು ಪುಡಿ ತರೋ ಹಾಗೆ ಕಾಣಿಸ್ತಿಲ್ಲ. ಎರಡು ಕೆಜಿ ಹಾಕಿಸ್ಕೊಂಡು ಬರ್ತೀನಿ. ಟ್ಯಾಕ್ಸಿ ಕೆಳಗಿದೆ."

ಸೀನು ಹೋಗಿ ಬಾಗಿಲಿಗೆ ಅಡ್ಡ ನಿಂತ. ಎರಡೂ ಕೈ ಚಾಚಿದ.

"ಅದು ಪುಡಿಯಲ್ಲ ಮಾವ. ಬೀಜಾನೂ ಅಲ್ಲ. ಅದು... ಮದ್ಯ. ದ್ರಾಕ್ಷಿ ಸಿಪ್ಪೆಯಿಂದ ಭಟ್ಟಿ ಇಳಿಸಿದ್ದು. ನಲವತ್ತು ಪರ್ಸೆಂಟ್ ಅಂದಿದ್ದು ಚಿಕೋರಿ ಅಲ್ಲ. ನನಗೆ ಮೊದಲು ಗೊತ್ತಿರ್ಲಿಲ್ಲ, ಕುಮುದಾ ಆಣೆಗೂ ಗೊತ್ತಿರ್ಲಿಲ್ಲ."

ಮೂರ್ತಿಗಳು ಡಬ್ಬಿಯನ್ನು ನೆಲದ ಮೇಲಿಟ್ಟರು. ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತರು. ಮೂವತ್ತೆರಡು ವರ್ಷದ ಸರ್ವಿಸು ಅವರ ಮುಖದಲ್ಲಿ ಎದ್ದು ಕೂತಿತು.

"ಯಾವಾಗ ಗೊತ್ತಾಯ್ತು?"

"ಮೊದಲನೇ ದಿನ. ಬಿಲ್ಲು ಬಂದಾಗ."

"ಒಟ್ಟು ಪ್ರಮಾಣ?"

"ನಿಮಗೆ ಎಪ್ಪತ್ತೈದು ಎಂಎಲ್ ಮಾವ. ನನಗೆ ಹದಿನೈದು."

"ಗೊತ್ತಾದ ಮೇಲೆ?"

"ಎಪ್ಪತ್ತೈದರಲ್ಲಿ ಮೂವತ್ತು, ಎರಡನೇ ದಿನದ್ದು. ನೀವು ನಕ್ಬಿಟ್ರಿ ಮಾವ. ಕುಮುದಾ ಅತ್ಬಿಟ್ಲು. ಹೇಳೋಕೆ ಬಾಯಿ ಬರಲಿಲ್ಲ. ಆದ್ರೆ ನೀವು... ನಿಮ್ಮ ಮೂಗು... ನಿಮಗೆ ಹೇಗೆ ಗೊತ್ತಾಗಲಿಲ್ಲ?"

ಮೂರ್ತಿಗಳು ತಮ್ಮ ಮೂಗನ್ನು ಒಮ್ಮೆ ಮುಟ್ಟಿ ನೋಡಿಕೊಂಡರು.

"ಇದು ಹೋಗಿ ನಾಲ್ಕು ವರ್ಷ ಆಯ್ತು" ಎಂದರು. "ಕೋವಿಡ್ ಬಂದಿತ್ತಲ್ಲ. ಜ್ವರ ಬಿಡ್ತು, ವಾಸನೆ ವಾಪಸ್ ಬರಲಿಲ್ಲ. ಏನು ತಿಂದ್ರೂ ಒದ್ದೆ ಕಾಗದ ತಿಂದ ಹಾಗೆ. ಅವತ್ತು ಆ ಕಾಫಿ ಕುಡಿದಾಗ, ನಾಲ್ಕು ವರ್ಷದ ಮೇಲೆ ಮೊದಲ್ನೇ ಸಲ, ಏನೋ ಕುಡಿದೆ ಅಂತ ಗೊತ್ತಾಯ್ತು. ನಾನು ಅದನ್ನ ಕಾಫಿ ರುಚಿ ಅಂದ್ಕೊಂಡೆ."

"ಯಾರಿಗೂ ಹೇಳ್ಲಿಲ್ವಾ?"

"ಯಾರಿಗೆ ಹೇಳೋದು? ನಮ್ಮ ಇಲಾಖೆಯವರು ಈಗಲೂ ಫಂಕ್ಷನ್ನಿಗೆ ಕರೆದು ಈ ಮೂಗಿಗೆ ಹಾರ ಹಾಕ್ತಾರೆ."

ಹಿಂದೆ ಏನೋ ಸದ್ದಾಯಿತು. ಅಡುಗೆಮನೆಯ ಬಾಗಿಲಲ್ಲಿ ಕುಮುದಾ ಕಾಫಿಯ ಲೋಟ ಹಿಡಿದು ನಿಂತಿದ್ದಳು. ಯಾವಾಗಿನಿಂದ ನಿಂತಿದ್ದಳೋ, ಕಣ್ಣು ತುಂಬಿತ್ತು.

"ಅಮ್ಮಂಗೂ ಗೊತ್ತಿಲ್ವಾ ಅಪ್ಪ?"

"ಗೊತ್ತಾದ್ರೆ ಅವಳು ಇಂಗು ಹಾಕೋದೇ ನಿಲ್ಲಿಸ್ತಾಳೆ, ಉಳೀತು ಅಂತ."

"ಹಾಲು ಸೀದಾಗ..."

"ನೀನು ಕೂಗಿದ್ ಮೇಲೇ ನನಗೆ ಗೊತ್ತಾಗಿದ್ದು."

"ನಾನು ನಿಮಗಿನ್ನೂ ನಮ್ಮ ಮೇಲೆ ಸಿಟ್ಟು ಅಂದ್ಕೊಂಡಿದ್ನಲ್ಲಪ್ಪ! ದಿನಾ ಬರೀ ಆಯ್ತು, ಆಯ್ತು..."

"ಸಿಟ್ಟಿದ್ರೆ ಈ ಮಂಡಿ ಇಟ್ಕೊಂಡು ಎರಡು ವಿಮಾನ ಹತ್ತಿ ಬರ್ತಿದ್ನೇನಮ್ಮ? ಹನ್ನೊಂದು ವರ್ಷಕ್ಕೆ ಮಗಳ ಕೈ ಅಡುಗೆ ತಿಂತಾ ಇದೀನಿ, ರುಚಿ ಗೊತ್ತಿಲ್ಲ. ಚೆನ್ನಾಗಿದೆ ಅಂದ್ರೆ ಸುಳ್ಳು, ಚೆನ್ನಾಗಿಲ್ಲ ಅಂದ್ರೂ ಸುಳ್ಳು. ಸುಳ್ಳು ರಿಪೋರ್ಟು ಬರೆದು ನನಗೆ ಅಭ್ಯಾಸ ಇಲ್ಲ. ಅದಕ್ಕೇ ಆಯ್ತು ಅಂತಿದ್ದೆ."

ಕುಮುದಾ ಲೋಟ ಅವರ ಕೈಗಿಟ್ಟಳು. ಅವರು ಕುಡಿದರು. ಅಭ್ಯಾಸಬಲದಿಂದ ಅವಳ ಬಾಯಿಂದ "ಹೇಗಿದೆ ಅಪ್ಪ?" ಎಂದು ಬಂದೇಬಿಟ್ಟಿತು. ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು.

ಮೂರ್ತಿಗಳು ಪ್ರಾಮಾಣಿಕವಾಗಿ ಯೋಚಿಸಿದರು. "ಬಿಸಿ ಇದೆ" ಎಂದರು. ಇನ್ನೊಂದು ಗುಟುಕು ಕುಡಿದರು. "ಬಿಸಿ ಚೆನ್ನಾಗಿದೆ ಕಣಮ್ಮ."

ಕುಮುದಾ ಅಪ್ಪನ ಕಾಲ ಬಳಿ ಕೂತು ಮನಸಾರೆ ಅತ್ತಳು. ಸೀನು ಇನ್ನೂ ಬಾಗಿಲಿಗೆ ಅಡ್ಡವಾಗಿ ಕೈ ಚಾಚಿಕೊಂಡೇ ನಿಂತಿದ್ದ.

"ಕೈ ಇಳಿಸಿ ಇವ್ರೇ" ಎಂದರು ಮೂರ್ತಿಗಳು. "ಅದು ಸರಿ, ಹನ್ನೊಂದು ವರ್ಷದ ಹಿಂದೆ ನಿಮ್ಮ ಬಾಯಿಂದ ಬಂದಿದ್ದು ನಿಜವಾಗ್ಲೂ ಹೋಮಿಯೋಪತೀನೇನಾ?"

"ಹೌದು ಮಾವ. ನೆಗಡಿ."

"ಹ್ಞೂಂ." ಅವರು ಕೊನೆಯ ಗುಟುಕು ಕುಡಿದು ಲೋಟ ಕೆಳಗಿಟ್ಟರು. "ಹಾಗಾದ್ರೆ ಆ ಕೇಸೂ ವಜಾ, ಈ ಕೇಸೂ ವಜಾ. ಟ್ಯಾಕ್ಸಿಯವನನ್ನ ಕಳಿಸಿ. ಬಾಳೆಕಂಬ ಸೊಟ್ಟಗಿದೆ, ನೋಡಿ."

ಪೂಜೆ ಸಾಂಗವಾಗಿ ನಡೆಯಿತು. ಮಂಗಳಾರತಿಯಾಗಿ, ಸಪಾದಭಕ್ಷ್ಯ ಎಲ್ಲರ ಕೈಗೂ ಬಂದ ಮೇಲೆ ಹಜಾರದಲ್ಲಿದ್ದವರ ಕಣ್ಣೆಲ್ಲ ಅಡುಗೆಮನೆಯ ಕಡೆ ತಿರುಗಿತು. ಅರ್ಚಕರು ಮಂಡಿ ನೀವಿಕೊಂಡರು. ಕಾತ್ಯಾಯಿನಿಯವರೇ ಬಾಯಿಬಿಟ್ಟರು.

"ಎಲ್ಲಿ ಮೂರ್ತಿಗಳೇ, ನಿಮ್ಮ ಇಟಲಿ ಕಾಫಿ?"

ಸೀನು ಬಾಗಿಲ ಹತ್ತಿರಕ್ಕೆ ಸರಿದ. ಮೂರ್ತಿಗಳು ನಿಧಾನವಾಗಿ ಎದ್ದು, ಶಲ್ಯ ಸರಿಮಾಡಿಕೊಂಡು, ಎರಡೂ ಕೈ ಹಿಂದೆ ಕಟ್ಟಿ ನಿಂತರು.

"ಅದನ್ನ ನಾನು ಜಪ್ತಿ ಮಾಡಿದೀನಿ."

"ಅಯ್ಯೋ, ಯಾಕೆ?"

"ತನಿಖೆಯಲ್ಲಿ ಗೊತ್ತಾಯ್ತು. ಚಿಕೋರಿ ನಲವತ್ತು ಪರ್ಸೆಂಟ್ ಇತ್ತು."

ನಲವತ್ತು ಎನ್ನುವ ಸಂಖ್ಯೆ ಕೇಳಿ ಹಜಾರದಲ್ಲಿದ್ದ ಮೈಸೂರು, ಹಾಸನ, ಚಿಕ್ಕಮಗಳೂರಿನವರೆಲ್ಲ ಒಟ್ಟಿಗೆ "ಛೆ ಛೆ!" ಎಂದರು. ಅರ್ಚಕರು ಕಿವಿ ಮುಚ್ಚಿಕೊಂಡರು. ಹಿಂದಿನ ಸಾಲಿನಲ್ಲಿ ಪ್ರಸಾದ ತಿನ್ನುತ್ತಿದ್ದ ಫ್ರೆಡ್ರಿಕ್ ಒಬ್ಬರಿಗೆ ಮಾತ್ರ ಕೆಮ್ಮು ಬಂತು.

"ಜಪ್ತಿ ಮಾಡಿದ ಮಾಲು ಎಲ್ಲುಂಟು ಮಾರಾಯ್ರೆ?" ಎಂದು ಅವರು ಕೆಮ್ಮಿನ ನಡುವೆಯೇ ಕೇಳಿದರು.

ಮೂರ್ತಿಗಳು ಕಣ್ಣು ಮಿಟುಕಿಸಲಿಲ್ಲ. "ಸ್ಥಳದಲ್ಲೇ ನಾಶಪಡಿಸಲಾಗಿದೆ" ಎಂದರು.

ಕುಮುದಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು. ಹೊರಬಂದಾಗ ತಟ್ಟೆಯ ತುಂಬ ಲೋಟಗಳು, ಎಂಬತ್ತಕ್ಕೆ ಇಪ್ಪತ್ತರ ಹಬೆಯಾಡುವ ಕಾಫಿ. ಎಲ್ಲರಿಗೂ ಕೊಟ್ಟು ಅಪ್ಪನ ಬಳಿ ಬರುವಷ್ಟರಲ್ಲಿ ತಟ್ಟೆಯಲ್ಲಿ ಒಂದೇ ಲೋಟ ಉಳಿದಿತ್ತು. ಮೂರ್ತಿಗಳು ಅದನ್ನು ತೆಗೆದುಕೊಂಡು, ಲೋಟದ ಕೆಳಗಿನ ದವರಕ್ಕೆ ಅರ್ಧ ಬಗ್ಗಿಸಿ, ಬಾಗಿಲ ಹತ್ತಿರ ಬೆವರೊರೆಸಿಕೊಳ್ಳುತ್ತಿದ್ದ ಅಳಿಯನ ಕಡೆಗೆ ಚಾಚಿದರು.

"ಬಾ ಸೀನು" ಎಂದರು. "ಬೈ ಟು."